ಕೊಪ್ಪರಿಗೆ ಸಮೇತ ಬಾಡಿಗೆ ಮನೆ

ಗೌರೀಶನ ಮನೆ ಬೈಲಹೊಂಗಲದ ಬಸ್ ಸ್ಟ್ಯಾಂಡಿಗೆ ತೀರ ಹತ್ತಿರವಿತ್ತು. ಅವನು ಮಾಡಿದ ತಪ್ಪೆಂದರೆ ಇದೊಂದೇ.

ಮನೆ ಹಿಡಿಯುವಾಗ ಅದೇ ದೊಡ್ಡ ಅನುಕೂಲವೆನಿಸಿತ್ತು. ಬಿತ್ತನೆ ಬೀಜದ ಕಂಪನಿಯೊಂದರ ಮಾಲು ಮಾರುವ ಕೆಲಸ ಅವನದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ವಾರವೆಲ್ಲ ತಿರುಗಾಟ. ಬಸ್ ಸ್ಟ್ಯಾಂಡು ತನಗೆ ಹತ್ತಿರವಾದರೆ ತನ್ನ ಬಳಗಕ್ಕೂ ಅಷ್ಟೇ ಹತ್ತಿರವಾಗುತ್ತದೆ ಎಂಬ ಸಣ್ಣ ಸಂಗತಿ ಮಾತ್ರ ಆಗ ಹೊಳೆದಿರಲಿಲ್ಲ. ನೇಸರಗಿಯ ಅತ್ತೆ ದವಾಖಾನೆಗೆ ಬಂದರೆ ಚಹಾ ಇಲ್ಲಿ. ದೇಗಾಂವದ ಮಾವ ಕೋರ್ಟಿಗೆ ಬಂದರೆ, ತಾರೀಖು ಮುಂದಕ್ಕೆ ಹೋದ ದುಃಖಕ್ಕೆ ಊಟವೂ ಇಲ್ಲಿ. ಚಚಡಿಯ ಬಸಯ್ಯ ಕಾಕಾನಿಗಂತೂ ಬರಲು ಕೆಲಸವೇ ಬೇಕಿರಲಿಲ್ಲ. ಬಸ್ಸು ತಪ್ಪಿದರೆ ಬರುತ್ತಿದ್ದ, ಬಸ್ಸು ಸಿಕ್ಕರೆ "ಇನ್ನೊಂದ ಬರತೈತಿ ಬಿಡು" ಎಂದು ಅದನ್ನು ಬಿಟ್ಟು ಬರುತ್ತಿದ್ದ. ಹೀಗಾಗಿ ಗೌರೀಶನ ಮನೆಯಲ್ಲಿ ಚಹಾದ ಕಿಟ್ಲಿ ಒಲೆಯಿಂದ ಇಳಿಯುತ್ತಲೇ ಇರಲಿಲ್ಲ. ಮೊದಲಿದ್ದ ಕಿಟ್ಲಿ ಸಾಲದೆಂದು ಹೋಟೆಲಿನವರು ಇಡುವಂಥ ದೊಡ್ಡ ಕಿಟ್ಲಿಯನ್ನೇ ಕೊಂಡು ತಂದಿದ್ದ.

ಮಾರ್ಚ್ ತಿಂಗಳ ಒಂದು ಭಾನುವಾರ ಸಂಸಾರದ ಖರ್ಚನ್ನೆಲ್ಲ ಒಂದು ಸಲ ನೋಡಿಯೇಬಿಡೋಣವೆಂದು ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿಕೊಂಡು ಕೂತ. ಮಗಳು ಗಂಗಾ ಎರಡನೆಯ ಇಯತ್ತೆಗೆ ಹೋಗುವವಳು, ಮಗ ಸಚಿನನಿಗೆ ಮೂರು ತುಂಬಿತ್ತು. ಇಬ್ಬರ ಹೆಸರಿನಲ್ಲೂ ಪೋಸ್ಟಿನಲ್ಲಿ ಆರ್‌ಡಿ ತೆಗೆಯಬೇಕೆಂದು ಅವರು ಹುಟ್ಟಿದಂದಿನಿಂದ ಹೇಳುತ್ತ ಬಂದವನು, ಇನ್ನೂ ಪೋಸ್ಟ್ ಆಫೀಸಿನ ಮೆಟ್ಟಿಲು ಹತ್ತಿರಲಿಲ್ಲ. ತಿಂಗಳ ಕೊನೆಗೆ ಏನಾದರೂ ಉಳಿದರಲ್ಲವೆ?

ಬಾಡಿಗೆ, ಸಾಲಿ, ಹಾಲು, ಕಿರಾಣಿ, ಗ್ಯಾಸು ಎಂದು ಬರೆದ. ಆಮೇಲೆ "ಬಂದು ಹೋಗುವವರು" ಎಂದು ಬರೆದು, ಅದರ ಕೆಳಗೆ ಎರಡು ಸಾಲು ಮಾಡಿದ. ಒಂದು, ನಮ್ಮ ಕಡೆಯವರು. ಇನ್ನೊಂದು, ನಾಗರತ್ನಾಳ ಕಡೆಯವರು. ಮೊದಲನೆಯ ಸಾಲಿನ ಮೊತ್ತ ನೋಡಿ ಚಷ್ಮಾ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಮೊತ್ತ ಹಾಗೇ ಇತ್ತು, ಮನೆ ಬಾಡಿಗೆಯನ್ನೂ ಮೀರಿಸಿತ್ತು. ಎರಡನೆಯ ಸಾಲಿನಲ್ಲಿ ಸೊನ್ನೆ. ಹೆಂಡತಿಯ ತವರು ರಾಮದುರ್ಗದಾಚೆಯ ಒಂದು ಹಳ್ಳಿ. ಬಹಳ ಮಾನದ ಮಂದಿ, ಕಾರಣವಿಲ್ಲದೆ ಮಗಳ ಮನೆಯ ಹೊಸ್ತಿಲು ತುಳಿಯುವವರಲ್ಲ. ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ ಬಂದದ್ದು ಎರಡೇ ಸಲ, ಮಕ್ಕಳ ಹೆಸರಿಡುವುದಕ್ಕೆ.

"ನಾಗೂ, ನಿಮ್ಮ ಮಂದಿಗೆ ಕೈ ಮುಗೀಬೇಕ ನೋಡ! ಸೊನ್ನೆ!" ಎಂದು ಹಾಳೆ ಎತ್ತಿ ತೋರಿಸಿದ. ನಾಗರತ್ನಾ ಆ ಸೊನ್ನೆಯನ್ನು ತುಸು ಹೊತ್ತು ನೋಡಿ, ರೊಟ್ಟಿ ಬಡಿಯಲು ಒಳಗೆ ಹೋದಳು.

ಲೆಕ್ಕ ಹೇಳಿದ ಉಪಾಯ ಸರಳವಾಗಿತ್ತು. ಬಳಗ ಚಹಾಕ್ಕೆಂದು ಬರಲಾರದಷ್ಟು ದೂರದ ಊರಿಗೆ ಮನೆ ಬದಲಿಸುವುದು, ವಿಳಾಸವನ್ನು ಬಾಯಿ ಬಿಡದಿರುವುದು. ಆಗ ಉಳಿಯುವ ದುಡ್ಡಿನಲ್ಲಿ ಅರ್ಧ ಗಂಗಾಗೆ, ಅರ್ಧ ಸಚಿನನಿಗೆ. ಮನೆ ಎಲ್ಲಿ ಹುಡುಕುವುದೆಂದು ಅವನು ಯೋಚಿಸುತ್ತಿರುವಾಗ ನಾಗರತ್ನಾಳೇ ಹೇಳಿದಳು: "ಸವದತ್ತ್ಯಾಗ ಜೋಗುಳಬಾವಿ ರಸ್ತೆಕ್ಕ ಒಂದ ಮನಿ ಖಾಲಿ ಆಗತೈತಂತ. ನಮ್ಮೂರ ಹುಡಗಿ ಒಬ್ಬಾಕಿ ಹೇಳಿದ್ಲು. ಬಾಡಗಿ ಇದರ ಅರ್ಧ ಅಂತ್ರಿ."

ಗೌರೀಶ ದಂಗಾದ. ಅವನ ಮಾತಿಗೆ ಮೊದಲ ಸಲಕ್ಕೇ ಹೂಂ ಅಂದದ್ದಲ್ಲದೆ ಮನೆಯನ್ನೂ ಹುಡುಕಿದ್ದಾಳೆ! ಆದರೂ ಲೆಕ್ಕದ ಮನುಷ್ಯ. ಒಂದು ಮಾತು ಕೇಳಿಯೇಬಿಟ್ಟ. "ಅಲ್ಲಾ, ಎಲ್ಲಮ್ಮನ ಗುಡ್ಡದ ದಾರಿ ಅದು. ಮಂದಿ ಗಿಂದಿ ಬಂದ್ರ?" ಮರುಕ್ಷಣ ತಾನೇ ಉತ್ತರ ಕೊಟ್ಟುಕೊಂಡ. "ಹೇ, ನಮ್ಮವರೆಲ್ಲಾ ಗೊಡಚಿ ವೀರಭದ್ರಗ ನಡಕೊಳ್ಳಾವ್ರು. ಗುಡ್ಡಕ್ಕ ಯಾರ ಬರತಾರ?"

"ಹೌದ್ರಿ, ನಿಮ್ಮವರು ಯಾರೂ ನಡಕೊಳ್ಳಾಂಗಿಲ್ಲ," ಅಂದಳು ನಾಗರತ್ನಾ.

ಆ ಮನೆಯ ಮಾಲಿಕರು ಬೆಳಗಾವಿಯಲ್ಲಿದ್ದರು. ಎಲ್ಲ ಮಾತೂ ಫೋನಿನಲ್ಲೇ ಮುಗಿಯಿತು. ಗಂಗಾಳ ಪರೀಕ್ಷೆ ಮುಗಿದ ವಾರ, ಸವದತ್ತಿಯ ಪರಶುವಿನ ಟೆಂಪೋ ಬೆಳಿಗ್ಗೆಯೇ ಬಂದು ಬಾಗಿಲಿಗೆ ನಿಂತಿತು. ಸವದತ್ತಿಯ ಮನೆ ಬಿಡುವವರ ಸಾಮಾನನ್ನು ಹೊರಳಿ ಬೈಲಹೊಂಗಲಕ್ಕೆ ತರುವುದಿತ್ತಂತೆ. ಎರಡೂ ಕಡೆ ಮಾಲು ಸಿಕ್ಕಿತೆಂದು ಪರಶು ಅರ್ಧ ಬಾಡಿಗೆಗೇ ಒಪ್ಪಿದ್ದ. ಲೆಕ್ಕ ಹಾಕಿ ಬದುಕುವವರಿಗೆ ದೇವರೂ ಅರ್ಧ ಖರ್ಚು ಕೊಡುತ್ತಾನೆಂದು ಗೌರೀಶನಿಗೆ ಅನಿಸಿತು.

ಸಾಮಾನು ಹೊರಗೆ ಬರತೊಡಗಿದಾಗ ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಎರಡು ಕೋಣೆಯ ಮನೆ. ಅದರ ಹೊಟ್ಟೆಯಿಂದ ಮಂಚ ಬಂತು, ಟ್ರಂಕು ಬಂತು, ಜೋಳದ ಚೀಲ ಬಂತು, ತೊಟ್ಟಿಲು ಬಂತು, ಮೂರು ಗಾಲಿಯ ಸೈಕಲ್ಲಿನ ಎರಡು ಗಾಲಿ ಬಂದವು. ಟೆಂಪೋ ತುಂಬಿದ ಮೇಲೂ ಮನೆ ಖಾಲಿಯಾದಂತೆ ಕಾಣಲಿಲ್ಲ. ಇಷ್ಟೆಲ್ಲ ಇಟ್ಟುಕೊಂಡು ನಾವು ನಾಲ್ವರು ಎಲ್ಲಿ ಮಲಗುತ್ತಿದ್ದೆವು ಎಂದು ಅವನು ಬೆರಗಾಗಿ ನಿಂತಿರುವಾಗ ಪಕ್ಕದ ಮನೆಯ ಸಾವಿತ್ರೆವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಿಡಿದುಕೊಂಡು ಬಂದಳು.

"ಉಡಿ ತುಂಬೂತನಾ ಗಾಡಿ ಬಿಡಬ್ಯಾಡ್ರಿ. ನಾಳೆ ಹುಣ್ಣಿವಿ, ಇವತ್ತ ಚಲೋ ದಿನಾ ನೋಡೇರಿ ಬಿಡ್ರಿ. ಅಲ್ಲಾ ಗೌರೀಶಪ್ಪಾ, ಅಷ್ಟ ದೂರ ಯಾಕ ಹೊಂಟ್ರಿ?"

"ಮಕ್ಕಳ ಭವಿಷ್ಯಕ್ಕರಿ," ಎಂದ ಗೌರೀಶ ಗಂಭೀರವಾಗಿ.

"ಹಂಗಾದ್ರ ನಿಮ್ಮ ಕಾಕಾಗ ಹೇಳೀರೇನು? ಪಾಪ, ಈ ಮನೀನ ನಂಬಿಕೊಂಡ ಮನಿಷ್ಯಾ."

ಹೇಳಿರಲಿಲ್ಲ. ಹೇಳುವುದೂ ಇರಲಿಲ್ಲ. ಆದರೆ ಸಾವಿತ್ರೆವ್ವನ ಬಾಯಲ್ಲಿ ಹೆಸರು ಬರುವುದಕ್ಕೂ ಚಚಡಿಯ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವುದಕ್ಕೂ ಸರಿಹೋಯಿತು. ಟೆಂಪೋದ ಮೇಲೆ ಹಗ್ಗ ಬಿಗಿಯುತ್ತಿದ್ದ ಗೌರೀಶನಿಗೆ ಮಂದಿಯ ನಡುವೆ ಒಂದು ಬಿಳಿ ಟೊಪ್ಪಿಗೆ, ಒಂದು ಕರಿ ಛತ್ರಿ ಕಂಡವು. ಅವನು ಗಾದಿಯ ಸುರುಳಿಯ ಹಿಂದೆ ಅಡ್ಡ ಬಿದ್ದ.

"ಪರಶು, ಗಾಡಿ ಬಿಡೋ!"

"ಬಾಕಿ ಹಗ್ಗಾ ಕಟ್ಟೂದ ಐತೆಲ್ರಿ?"

"ದಾರ್ಯಾಗ ಕಟ್ಟೂಣು, ಬಿಡು!"

ನಾಗರತ್ನಾ ತುಂಬಿದ ಉಡಿಯಲ್ಲೇ ಮಕ್ಕಳೊಂದಿಗೆ ಮುಂದಿನ ಸೀಟು ಹತ್ತಿದಳು. ಗಾಡಿ ಮೂಲೆ ತಿರುಗುವಾಗ ಗಂಗಾ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಬಸಯ್ಯ ಅಜ್ಜಾ! ನಾವು ಮನಿ ಬಿಟ್ಟ ಹೊಂಟೇವು! ಅಪ್ಪ ಗಾದಿ ಹಿಂದ ಮಲ್ಕೊಂಡಾನು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. ಬಸಯ್ಯ ಕಾಕಾ ಛತ್ರಿ ಎತ್ತಿ ನಿಂತದ್ದು ಗಾದಿಯ ಸಂದಿಯಿಂದ ಗೌರೀಶನಿಗೆ ಕಂಡಿತು. ಎದ್ದು ಕೈ ಬೀಸಬೇಕೆನಿಸಿತು. ಆದರೆ ಅಂಗಿಯ ಜೇಬಿನಲ್ಲಿ ಆರ್‌ಡಿಯ ಮೊದಲ ಕಂತಿನ ಪಾಕೀಟಿತ್ತು. ಅದನ್ನು ಮುಟ್ಟಿಕೊಂಡು ಸಮಾಧಾನ ಮಾಡಿಕೊಂಡ.

ಸವದತ್ತಿ ಹತ್ತಿರವಾದಂತೆ ಬಿಸಿಲಲ್ಲಿ ಗುಡ್ಡಗಳ ಸಾಲು ಕಂಡಿತು, ಊರ ಮೇಲಿನ ಕೋಟೆಯೂ ಕಂಡಿತು. ಬೀಜದ ಸ್ಯಾಂಪಲ್ ಹಿಡಿದು ನೂರು ಸಲ ಬಂದ ದಾರಿ. ಆದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸಾಮಾನಿನ ಮೇಲೆ ಕೂತು ಬರುವಾಗ ಅದೇ ಗುಡ್ಡ ಬೇರೆಯೇ ಎನಿಸಿತು. ಎಷ್ಟು ಜನ, ಎಲ್ಲೆಲ್ಲಿಂದ ಈ ತಾಯಿಯನ್ನು ನೋಡಲು ಬರುತ್ತಾರಲ್ಲ ಎಂದು ಮೈ ಜುಮ್ಮೆಂದಿತು. ನಮ್ಮ ಮನೆಗೆ ಬರುವುದಿಲ್ಲವಲ್ಲ ಎಂಬ ನೆಮ್ಮದಿಯಲ್ಲೇ ಕೈ ಮುಗಿದ.

ಮನೆ ನೋಡಿದಾಗಂತೂ ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಅರ್ಧ ಬಾಡಿಗೆಗೆ ಇಂಥ ಮನೆ! ಮುಂದೆ ಮದುವೆಯ ಪಂಗತಿ ಕೂಡಿಸಬಹುದಾದ ಪಡಸಾಲೆ. ಗೋಡೆಯುದ್ದಕ್ಕೂ ಚೀಲ ತೂಗುಹಾಕಲು ಗೂಟಗಳ ಸಾಲು. ಹಿತ್ತಲಲ್ಲಿ ಎಮ್ಮೆ ಈಜಬಹುದಾದ ನೀರಿನ ಟಾಕಿ. ಅದರ ಪಕ್ಕ ಮಸಿ ಹಿಡಿದ ಮೂರು ದೊಡ್ಡ ಕಲ್ಲು.

"ಏನ್ ಮನೀರಿ ಇದು!" ಎಂದ ಗೌರೀಶ.

"ಭಾಳ ಓಡಾಟದ ಮನೀರಿ. ಇದಕ್ಕ ನಾನ ವರ್ಷಾ ಒಂದ ಟ್ರಿಪ್ ಹೊಡೀತೇನಿ," ಎಂದ ಪರಶು, ಮಂಚ ಇಳಿಸುತ್ತ. ಅಷ್ಟು ಬೇಡಿಕೆಯ ಮನೆ ತನಗೆ ಸಿಕ್ಕಿತಲ್ಲ ಎಂದು ಗೌರೀಶ ಉಬ್ಬಿದ.

ಬಿಟ್ಟು ಹೋಗುವ ಬಾಡಿಗೆದಾರ ಅಂದಾನೆಪ್ಪ ತನ್ನ ಸಾಮಾನನ್ನೆಲ್ಲ ಕಟ್ಟೆಯ ಮೇಲೆ ಪೇರಿಸಿಕೊಂಡು, ಬಸ್ಸು ಕಾಯುವವನಂತೆ ರಸ್ತೆ ನೋಡುತ್ತ ಕೂತಿದ್ದ. ಬಡಕಲು ಮನುಷ್ಯ, ಮುಖದಲ್ಲಿ ಮಾತ್ರ ಸೆರೆಮನೆಯಿಂದ ಹೊರಬೀಳುವವನ ಕಳೆ.

"ಬೈಲಹೊಂಗಲದಾಗ ಯಾವ ಕಡೆ ಮನಿ ಹಿಡದೀರಿ?" ಎಂದು ಕೇಳಿದ ಗೌರೀಶ.

"ಬಸ್ ಸ್ಟ್ಯಾಂಡಿನ ಮಗ್ಗಲಕ್ಕ, ಹಸಿರ ಬಾಗಲದ ಮನಿ. ಇವತ್ತ ಖಾಲಿ ಆಗತೈತಂತ. ಸ್ಟ್ಯಾಂಡ್ ಹತ್ರ ಐತೆಲ್ರಿ, ಭಾಳ ಅನುಕೂಲ."

ಆ ಹಸಿರು ಬಾಗಿಲಿಗೆ ಬೆಳಿಗ್ಗೆ ಬೀಗ ಹಾಕಿ ಬಂದವನೇ ಗೌರೀಶ. ಸತ್ಯ ನಾಲಿಗೆಯ ತುದಿಗೆ ಬಂತು. ಆದರೆ ಆ ಮನೆಯ ಡಿಪಾಜಿಟ್ಟು ಇನ್ನೂ ಕೈಸೇರಿರಲಿಲ್ಲ. ಹೊಸಬರು ಬಂದು ಕೊಟ್ಟ ಮೇಲೆಯೇ ಕೊಡುತ್ತೇನೆಂದು ಮಾಲಿಕ ಹೇಳಿದ್ದ. ಗೌರೀಶ ಸತ್ಯವನ್ನು ಎಂಜಲಿನೊಂದಿಗೆ ನುಂಗಿದ. ನುಂಗಿದ್ದು ಮನಸ್ಸಿಗೆ ಚುಚ್ಚತೊಡಗಿದಾಗ ಟೆಂಪೋದಿಂದ ತನ್ನ ಆ ದೊಡ್ಡ ಕಿಟ್ಲಿಯನ್ನೂ ಅರ್ಧ ತುಂಬಿದ ಚಹಾಪುಡಿಯ ಡಬ್ಬಿಯನ್ನೂ ಇಳಿಸಿ ತಂದು ಅಂದಾನೆಪ್ಪನ ಮುಂದಿಟ್ಟ.

"ಇದು ನಿಮಗ ಇರ್ಲಿ ರಿ. ನಮಗಿನ್ನ ಬೇಕಾಗಾಂಗಿಲ್ಲ."

ಅಂದಾನೆಪ್ಪ ಕಿಟ್ಲಿಯನ್ನು ನೋಡಿದ, ಗೌರೀಶನನ್ನು ನೋಡಿದ, ಸಾಮಾನಿನ ನಡುವೆ ಆಡುತ್ತಿದ್ದ ಇಬ್ಬರು ಮಕ್ಕಳನ್ನು ನೋಡಿದ. ಕಣ್ಣು ತೇವವಾದವು. ಗುಡ್ಡದ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದು, ತೆರೆದ ಬಾಯನ್ನು ಹಾಗೇ ಮುಚ್ಚಿದ. ಆಮೇಲೆ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ: "ಏ, ಆ ಕೊಪ್ಪರಿಗಿ ಕಟ್ಟಬ್ಯಾಡ. ಇಲ್ಲೇ ಬಿಡು. ಚಾಪಿಗೋಳ ಸುರಳಿನೂ ಬಿಡು."

ಹೊರಗೆ ಬಂದ ಕೊಪ್ಪರಿಗೆಯನ್ನು ಇಬ್ಬರು ಹಿಡಿದು ಹಿತ್ತಲಿಗೆ ಹೊರಬೇಕಾಯಿತು. ಅಷ್ಟು ದೊಡ್ಡ ಪಾತ್ರೆಯನ್ನು ಗೌರೀಶ ಬೆಲ್ಲದ ಗಾಣದ ಹೊರತು ಎಲ್ಲೂ ಕಂಡಿರಲಿಲ್ಲ. ಕಂಡು ಕೇಳರಿಯದ ಮನುಷ್ಯ, ಒಂದು ಕಿಟ್ಲಿಗೆ ಬದಲಾಗಿ ಇಂಥದ್ದನ್ನು ಕೊಡುತ್ತಾನೆಂದರೆ ಲೋಕದಲ್ಲಿ ಇನ್ನೂ ಧರ್ಮವಿದೆ ಎಂದುಕೊಂಡ.

"ಒಂದ ಮಾತ ಕೇಳ್ತೇನ್ರಿ. ಹಿತ್ತಲದಾಗ ಆ ಮೂರ ಕಲ್ಲ ಯಾಕದಾವು?"

"ಅವಾ? ಅವು ನಾವು ಬರೂಕಿಂತ ಮೊದ್ಲ ಇದ್ವು ರಿ," ಎಂದ ಅಂದಾನೆಪ್ಪ, ಗೌರೀಶನ ಫೋನ್ ನಂಬರನ್ನು ಬರೆದುಕೊಂಡು, ತನ್ನ ಸಾಮಾನು ಏರಿಸಲು ಅವಸರ ಮಾಡಿದ. ಟೆಂಪೋ ಹೊರಟಾಗ ಇಬ್ಬರೂ ಒಬ್ಬರನ್ನೊಬ್ಬರು ಕರುಣೆಯಿಂದ ನೋಡಿ ಕೈ ಬೀಸಿದರು.

ಟೆಂಪೋ ಕಣ್ಮರೆಯಾಗುತ್ತಲೇ ನಾಗರತ್ನಾ ಚೀರಿದಳು. "ಸಚಿನ ಎಲ್ಲ್ಯಾನ?"

ಪಡಸಾಲೆಯಲ್ಲಿ ಇರಲಿಲ್ಲ. ಮಂಚದ ಕೆಳಗೆ, ಟ್ರಂಕಿನ ಹಿಂದೆ, ಬೀದಿಯಲ್ಲಿ, ಎಲ್ಲೂ ಇಲ್ಲ. ಗೌರೀಶ ಟಾಕಿಯೊಳಗೆ ಬಗ್ಗಿ ಕೈಯಾಡಿಸಿ ನೋಡಿದ. "ಟೆಂಪೋದಾಗ ಹ್ವಾದನೇನೋ!" ಎಂದು ಯಾರೋ ಅಂದರು. ಅಕ್ಕಪಕ್ಕದ ಮನೆಗಳವರೆಲ್ಲ ಸೇರಿದರು, ಒಬ್ಬ ಬೈಕ್ ಹತ್ತಿ ಟೆಂಪೋ ಬೆನ್ನು ಹತ್ತಿದ. ಲೆಕ್ಕ, ಉಳಿತಾಯ, ಭವಿಷ್ಯ ಎಲ್ಲವೂ ಗೌರೀಶನ ತಲೆಯಿಂದ ಹಾರಿಹೋಗಿ ಮೂರು ವರ್ಷದ ಒಂದು ಮುಖವಷ್ಟೇ ಉಳಿದಿತ್ತು. ಆಗ ಗಂಗಾ ಹಿತ್ತಲಿನಿಂದ ಕೂಗಿದಳು: "ಅಪ್ಪಾ, ತಮ್ಮ ಕೊಪ್ಪರಿಗ್ಯಾಗ ಮಲ್ಕೊಂಡಾನು!"

ಹೌದು. ಕೊಪ್ಪರಿಗೆಯ ತಳದಲ್ಲಿ ಚಾಪೆಯೊಂದರ ಮೇಲೆ ಸಚಿನ ಬೆರಳು ಚೀಪುತ್ತ ನಿದ್ದೆ ಹೋಗಿದ್ದ. ಪಕ್ಕದಲ್ಲಿ ಅವನಷ್ಟೇ ಇನ್ನಿಬ್ಬರು ಮಲಗುವಷ್ಟು ಜಾಗವಿತ್ತು. ಗೌರೀಶ ಮಗನನ್ನು ಎತ್ತಿ ಎದೆಗವಚಿಕೊಂಡು, ಕೊಪ್ಪರಿಗೆಯನ್ನು ಮೊದಲ ಸಲ ಸರಿಯಾಗಿ ನೋಡಿದ. ಇಷ್ಟು ದೊಡ್ಡದು ಒಂದು ಸಂಸಾರಕ್ಕೆ ಯಾಕೆ ಬೇಕು ಎಂಬ ಸಣ್ಣ ಪ್ರಶ್ನೆ ಆಗ ತಲೆಯಲ್ಲಿ ಹುಟ್ಟಿತು. ಮಗ ಸಿಕ್ಕ ಸಂತೋಷದಲ್ಲಿ ಅಲ್ಲೇ ಸತ್ತಿತು.

ಸಂಜೆಗೆ ಹಾಲು ಉಕ್ಕಿಸಿದರು. ದೇವರ ಜಗುಲಿಯ ಮೇಲೆ ಗೊಡಚಿ ವೀರಭದ್ರನ ಫೋಟೋ ಇಟ್ಟು, ಅದರ ಮುಂದೆ ಕಂತಿನ ಪಾಕೀಟನ್ನು ಇಟ್ಟು ಗೌರೀಶ ನಮಸ್ಕಾರ ಮಾಡಿದ. ನಾಳೆ ಹುಣ್ಣಿಮೆ ಮುಗಿದರೆ ನಾಡಿದ್ದು ಪೋಸ್ಟ್ ಆಫೀಸು. ಬೀದಿ ಶಾಂತವಾಗಿತ್ತು. ಬಾಗಿಲು ತಟ್ಟುವವರಿಲ್ಲ, ಚಹಾ ಕೇಳುವವರಿಲ್ಲ. "ನೋಡ ನಾಗೂ, ಎಷ್ಟ ಆರಾಮ ಐತಿ," ಎಂದು ಅವನು ಕಟ್ಟೆಯ ಮೇಲೆ ಕಾಲು ಚಾಚಿದ.

ದೂರದಲ್ಲಿ ಚೌಡಿಕೆಯ ತಂತಿಯ ನಾದ ಕೇಳಿತು. ಆಮೇಲೆ ಟ್ರ್ಯಾಕ್ಟರಿನ ಸದ್ದು. "ಉಧೋ! ಉಧೋ!" ಎಂಬ ಕೂಗು. ಗುಡ್ಡಕ್ಕೆ ಹೋಗುವ ಭಕ್ತರೆಂದು ಗೌರೀಶ ಎದ್ದು ನಿಂತು ಭಕ್ತಿಯಿಂದ ಕೈ ಮುಗಿದ. ಟ್ರ್ಯಾಕ್ಟರು ಮನೆಯ ಮುಂದೆ ಬಂತು. ಮುಂದೆ ಹೋಗಲಿಲ್ಲ.

ಟ್ರೇಲರಿನಿಂದ ಮಂದಿ ಇಳಿಯತೊಡಗಿದರು. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಬೆಳಿಗ್ಗೆ ತನ್ನ ಎರಡು ಕೋಣೆಯ ಮನೆಯಿಂದ ಸಾಮಾನು ಹೊರಬಿದ್ದುದನ್ನು ನೋಡಿ ಬೆರಗಾಗಿದ್ದ ಗೌರೀಶನಿಗೆ ಅದೇನೂ ಅಲ್ಲವೆನಿಸಿತು. ಕೊನೆಗೆ ಇಬ್ಬರ ಹೆಗಲ ಮೇಲೆ ಕೈಯಿಟ್ಟು, ಹಣೆತುಂಬ ಭಂಡಾರ ಬಡಿದುಕೊಂಡ ಮುದುಕಿಯೊಬ್ಬಳು ಇಳಿದಳು. ನಾಗರತ್ನಾಳ ಅಜ್ಜಿ ಸಿದ್ದಲಿಂಗವ್ವ.

"ಅಳಿಯಂದ್ರ, ಆರಾಮದೀರಿ? ಮಗಳ ಮನೀಗೆ ಸುಮ್ಮ ಸುಮ್ಮನ ಬರೂ ಮಂದಿ ನಾವಲ್ಲ. ನಿಮಗ ಗೊತ್ತೈತಿ. ಆದ್ರ ಅವ್ವನ ದಾರ್ಯಾಗ ಮನಿ ಮಾಡೇರಿ. ದಾಟಿ ಹೋದ್ರ ಎಲ್ಲಮ್ಮ ಸಿಟ್ಟಾಗಾಂಗಿಲ್ಲೇನು?"

"ಆಗ್ತಾಳ್ರಿ," ಎಂದ ಗೌರೀಶ. ಬೇರೆ ಏನನ್ನಲಿಕ್ಕೂ ದಾರಿ ಇರಲಿಲ್ಲ. "ಎಲ್ಲಾರೂ ಬಂದ್ರೇನ್ರಿ?"

"ಎಲ್ಲಿ ಎಲ್ಲಾರು! ಹೊಲದಾಗ ಕೆಲಸ ಐತಿ ಅಂತ ಅರ್ಧ ಮಂದಿ ಉಳದ್ರು. ಇದು ದವನದ ಹುಣ್ಣಿವಿ ಅಷ್ಟ. ಬನದ ಹುಣ್ಣಿವಿಗೆ ನೋಡ್ರಿ, ಭರತ ಹುಣ್ಣಿವಿಗೆ ನೋಡ್ರಿ, ಇದರ ಎರಡ ಪಟ್ಟ ಬರತೇವಿ. ಇಷ್ಟ ದಿನಾ ಬಯಲಾಗ ಬಿದ್ಕೋತಿದ್ವಿ. ನಮ್ಮ ನಾಗೂ ಪುಣ್ಯಾ ಕಟಗೊಂಡ್ಲು!"

ಪಡಸಾಲೆಯ ಗೂಟಗಳೆಲ್ಲ ಚೀಲಗಳಿಂದ ತುಂಬಿದವು, ಒಂದೂ ಹೆಚ್ಚಾಗಲಿಲ್ಲ. ಚಾಪೆಗಳ ಸುರುಳಿ ತಾನಾಗಿ ಬಿಚ್ಚಿಕೊಂಡಿತು. ಹಿತ್ತಲಲ್ಲಿ ನಾಲ್ವರು ಹೆಣ್ಣುಮಕ್ಕಳು ಕೊಪ್ಪರಿಗೆಯನ್ನು ಎತ್ತಿ ಆ ಮೂರು ಕಲ್ಲುಗಳ ಮೇಲಿಟ್ಟರು. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಅಂದಾನೆಪ್ಪ ತೆರೆದು ಮುಚ್ಚಿದ ಬಾಯಿ ಗೌರೀಶನ ಕಣ್ಣ ಮುಂದೆ ಬಂತು. ಬುತ್ತಿಯ ರೊಟ್ಟಿ ಅವರೇ ತಂದಿದ್ದರು, ನಿಜ. ಆದರೆ ನಾಳೆಯ ಹೋಳಿಗೆ ನೈವೇದ್ಯಕ್ಕೆ ಕಡಲೆಬೇಳೆ, ಬೆಲ್ಲ? ಇಷ್ಟು ಮಂದಿಗೆ ಹಾಲು, ಸಕ್ಕರೆ? ವೀರಭದ್ರನ ಮುಂದಿದ್ದ ಪಾಕೀಟು ಎದ್ದು ಕಿರಾಣಿ ಅಂಗಡಿಗೆ ಹೋಗಿ ಖಾಲಿಯಾಗಿ ಬಂತು.

ಗೌರೀಶ ಹೆಂಡತಿಯನ್ನು ಅಡುಗೆಮನೆಯ ಮೂಲೆಗೆ ಕರೆದ. "ನಾಗೂ, ನಿನಗ ಇದೆಲ್ಲಾ ಮೊದ್ಲ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ನನ್ನ ಲೆಕ್ಕ?"

"ನಿಮ್ಮ ಲೆಕ್ಕ ನೋಡೇ ಮಾಡೇನ್ರಿ. ನಿಮ್ಮ ಕಡ್ಯಾವರಿಗೆ ಒಂಬತ್ತ ವರ್ಷ ಚಾ ಮಾಡೇನಿ, ಊಟಕ್ಕ ಹಾಕೇನಿ, ಒಂದ ದಿನ ಮಾರಿ ಸಣ್ಣದ ಮಾಡಿಲ್ಲ. ನನ್ನ ಕಡ್ಯಾವರ ಸಾಲಿನಾಗ ನೀವು ಸೊನ್ನೆ ಬರದ್ರಿ. ಬರದ ಸಂತೋಷ ಪಟ್ರಿ. ನನಗ ಆ ಸೊನ್ನಿ ನೋಡಾಕ ಆಗಲಿಲ್ಲ."

ಗೌರೀಶ ತಲೆ ತಗ್ಗಿಸಿದ. ಹೊರಗಿನಿಂದ ಯಾರೋ ಕೂಗಿದರು, ನಾಗರತ್ನಾ ಓಡಿದಳು. ಮೂರು ಕಲ್ಲಿನ ಒಲೆಯ ಬೆಳಕಿನಲ್ಲಿ ಅಜ್ಜಿಯ ತೊಡೆಗೆ ಆತುಕೊಂಡು, ತಂಗಿಯಂದಿರ ನಡುವೆ ಅವಳು ನಕ್ಕದ್ದು ಕೇಳಿಸಿತು. ಒಂಬತ್ತು ವರ್ಷದಲ್ಲಿ ಆ ನಗುವನ್ನು ಅವನು ಕೇಳಿರಲಿಲ್ಲ. ಬೆಳಗಿನಿಂದ ಗುಡ್ಡ ನೋಡಿ, ಮನೆ ನೋಡಿ, ಕೊಪ್ಪರಿಗೆ ನೋಡಿ ಬೆರಗಾಗಿದ್ದ ಮನುಷ್ಯ ಈಗ ತನ್ನ ಹೆಂಡತಿಯನ್ನು ನೋಡಿ ಬೆರಗಾಗಿ ನಿಂತ. ಆಯಿತು, ತನ್ನವರ ಖರ್ಚು ತಪ್ಪಿತಲ್ಲ, ಇವರದು ಬಂತು, ಸರಿಗೆ ಸರಿ ಎಂದು ಮನಸ್ಸು ಹಗುರ ಮಾಡಿಕೊಂಡು ಕಟ್ಟಿಗೆ ಒಟ್ಟಲು ಕೂತ.

ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಂದಾನೆಪ್ಪ.

"ಸರ, ನಿಮ್ಮ ಕಿಟ್ಲಿ ಬಂದ ಗಳಿಗ್ಯಾಗ ಉಪಯೋಗಕ್ಕ ಬಂತ್ರಿ. ನಿಮ್ಮ ಬಸಯ್ಯ ಕಾಕಾ ಅಂತ, ಮುಂಜಾನಿಯಿಂದ ನಮ್ಮ ಕಟ್ಟಿ ಮ್ಯಾಲ ಕುಂತಿದ್ರಂತ. ನೇಸರಗಿ ಅತ್ತಿ, ದೇಗಾಂವದ ಮಾವ, ಅವರ ಮಕ್ಕಳು ಎಲ್ಲಾರೂ ಕೂಡ್ಯಾರ. ಗೌರೀಶ ಮಕ್ಕಳನ್ನ ಕಟಗೊಂಡ ಎತ್ತಾಗೋ ಹ್ವಾದಾ ಅಂತ ಅಳಾಕತ್ತಿದ್ರು. ನೋಡಾಕ ಆಗಲಿಲ್ರಿ. ವಿಳಾಸ ಕೊಟ್ಟೇನಿ."

"ಕೊಟ್ರೇನ್ರಿ?"

"ಪರಶು ಹೆಂಗೂ ಸವದತ್ತಿಗೆ ಖಾಲಿ ಹೊಂಟಿದ್ದ. ಎಲ್ಲಾರೂ ಅದರಾಗ ಹತ್ಯಾರ. ಇಷ್ಟೊತ್ತಿಗೆ ಬಂದಿರಬೇಕ ನೋಡ್ರಿ."

ಬೀದಿಯ ತಿರುವಿನಲ್ಲಿ ಪರಿಚಿತ ಹಾರ್ನ್ ಕೇಳಿತು. ಟೆಂಪೋದ ಮುಂದಿನ ಕಿಟಕಿಯಿಂದ ಒಂದು ಕರಿ ಛತ್ರಿ ಹೊರಬಂತು, ಅದರ ಹಿಂದೆ ಬಿಳಿ ಟೊಪ್ಪಿಗೆ. "ಗೌರೀಶಾ! ಅರವತ್ತ ವರ್ಷದಿಂದ ಗುಡ್ಡಾ ಹತ್ತಬೇಕಂತ ಆಸೇ ಇತ್ತೋ! ವೀರಭದ್ರ ಆದ್ರೇನು, ಎಲ್ಲಮ್ಮ ಆದ್ರೇನು, ಇರಾಕ ನಮ್ಮವರದೊಂದ ಮನಿ ಇದ್ದಿದ್ದಿಲ್ಲ ಅಷ್ಟ!" ಎಂದು ಕೂಗುತ್ತ ಬಸಯ್ಯ ಕಾಕಾ ಗಾಡಿ ನಿಲ್ಲುವ ಮೊದಲೇ ಇಳಿದ. ಗಂಗಾ, ಸಚಿನ ಇಬ್ಬರೂ "ಅಜ್ಜಾ!" ಎಂದು ಓಡಿಹೋಗಿ ಅವನ ಕಾಲು ಅಪ್ಪಿಕೊಂಡರು. ಸಿದ್ದಲಿಂಗವ್ವ ಪಡಸಾಲೆಯಿಂದಲೇ "ಬರ್ರಿ ಬೀಗರ, ಬರ್ರಿ, ಮನಿ ನಮ್ಮದ ಐತಿ," ಎಂದು ಸ್ವಾಗತ ಮಾಡಿದಳು.

ಗೌರೀಶ ಹಿತ್ತಲಿಗೆ ಬಂದು ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದ. ಅಷ್ಟೊಂದು ಮಂದಿಗೆ ಹಾಕಿದ ಅನ್ನದ ಎಸರು ಅದರ ಅರ್ಧಕ್ಕೂ ಬಂದಿರಲಿಲ್ಲ.

"ಯಾಕ ನಿಂತ್ರಿ?" ಎಂದಳು ನಾಗರತ್ನಾ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಇನ್ನೆರಡ ಕೊಡಾ ನೀರ ಸುರೀರಿ. ಜಾಗಾ ಐತಿ."

ಗೌರೀಶ ಕೊಡ ಎತ್ತಿಕೊಂಡು ಟಾಕಿಯ ಕಡೆ ನಡೆದ.